ಬದಿ ಎಣಿಸಿದ್ರ ಸಾಲೂದಿಲ್ಲ, ಮೂಲಿನೂ ಕೇಳ್ಬೇಕು

ಹೋದ ಐತ್ವಾರ ಧಾರವಾಡದ ಒಂದ ಸಾಲ್ಯಾಗ ನಾ ಮಾತಾಡಿದ್ದನ್ನ ಬರದ ಕೊಡ್ರಿ ಸರ ಅಂತ ಒಂದಿಷ್ಟ ಮಂದಿ ಗಂಟ ಬಿದ್ದಾರ. ಮಾತಾಡೂದು ಬ್ಯಾರೆ ಬರಿಯೂದು ಬ್ಯಾರೆ, ಅಲ್ಲಿ ಕೈಯಾಗ ಕಡ್ಡಿ ಹಿಡದು ತೋರ್ಸಿದ್ದನ್ನ ಇಲ್ಲಿ ಅಕ್ಷರದಾಗ ತೋರಿಸ್ಬೇಕು, ಆದ್ರೂ ನೆನಪಿದ್ದಷ್ಟು ಬರೀತೀನಿ. ಕೇಳಾಕ ಬಂದವ್ರು ಏಳನೇತ್ತಾ ಎಂಟನೇತ್ತಾ ಹುಡುಗ್ರು, ಅವ್ರ ಅವ್ವ ಅಪ್ಪ, ಬಿ.ಎಡ್ ಓದೋ ಹತ್ತು ಹನ್ನೆರಡು ಮಂದಿ, ಮತ್ತ ಹಿಂದಿನ ಬೆಂಚಿನ್ಯಾಗ ಆ ಸಾಲಿ ಕಂಪೌಂಡ್ ಕಟ್ಟಾಕ ಬಂದಿದ್ದ ಇಬ್ರು ಗೌಂಡಿಗಳು. ಅವ್ರು ಫ್ಯಾನಿನ ಗಾಳಿಗೆ ಬಂದ ಕುಂತಿದ್ರು ಅಂತ ನನ್ನ ಅಂದಾಜು, ಆದ್ರ ಅವತ್ತ ಸಭಾದಾಗ ತೂಕದ ಮಾತು ಆಡಿದ್ದು ಅವರ.

ಶುರು ಮಾಡಿದ್ದು ಒಂದ ಡಬ್ಬಿ ಹಳೇ ಚಿಲ್ಲರಿಂದ. ಮನ್ಯಾಗ ಎಷ್ಟೋ ವರ್ಷದಿಂದ ಬಿದ್ದಿತ್ತು. ಅದರಾಗ 5 ಪೈಸೆ ಇತ್ತು, ಚೌಕ. ಅಲ್ಯುಮಿನಿಯಮ್ಮಿನ 20 ಪೈಸೆ, ಆರು ಬದಿ. 1992ರಿಂದ ಬರಾಕತ್ತಿದ ಆ ದೊಡ್ಡ 2 ರೂಪಾಯಿ ನಾಣ್ಯ, ಇದನ್ನ ಕೈಗೆ ಕೊಟ್ಟು ಎಣಸ್ರಿ ಅಂದ್ರ ಅರ್ಧ ಮಂದಿ 10 ಅಂದ್ರು ಅರ್ಧ ಮಂದಿ 12 ಅಂದ್ರು, ಅದಕ್ಕಿರೂದು 11. ಈಗಿನ 20 ರೂಪಾಯಿ ನಾಣ್ಯಕ್ಕ 12. ಆಮ್ಯಾಲ ಹಳೇ 10 ಪೈಸೆ ತಗದೆ, ಸುತ್ತಲೂ ಹೂವಿನ ಪಕಳಿ ಹಂಗ ಉಬ್ಬುಬ್ಬು ಇರ್ತೈತಲ್ಲ, ಅದು. ಇದು ಎಷ್ಟ ಬದಿದು ಅಂತ ಕೇಳಿದೆ. ಒಬ್ಬ ಹುಡುಗ "ಎಂಟು" ಅಂದ. ಒಂದ ಹುಡುಗಿ "ಒಂದೂ ಇಲ್ಲ" ಅಂದ್ಲು. ಯಾಕವಾ ಅಂದ್ರ, "ಎಲ್ಲಾ ಸೊಟ್ಟ ಅದಾವ್ರಿ ಸರ". ಅಷ್ಟ ನೋಡ್ರಿ, ಬಹುಭುಜ ಅಂದ್ರ ಏನು ಅನ್ನೂದು ಆ ಹುಡುಗಿ ಮಾತಿನ್ಯಾಗ ಬಂತು. ಬದಿ ನೆಟ್ಟಗ ಇರ್ಬೇಕು, ತುದಿಗೆ ತುದಿ ಕೂಡಿ ಹೊಳ್ಳಿ ಶುರು ಮಾಡಿದಲ್ಲೇ ಬಂದು ಮುಚ್ಚಿಕೋಬೇಕು, ನಡುವ ಒಂದನ್ನೊಂದು ದಾಟಬಾರದು. ಇಷ್ಟ ಇದ್ರ ಬಹುಭುಜ. ಖರೇ ಹೇಳ್ಬೇಕಂದ್ರ 5 ಪೈಸೆದ ಮೂಲಿನೂ ಸ್ವಲ್ಪ ದುಂಡಗ ಮಾಡಿರ್ತಾರ, ಕಿಸೆ ಹರೀಬಾರದು ಅಂತಿರ್ಬೇಕು, ಅದಕ್ಕ ಕಟ್ಟುನಿಟ್ಟಾಗಿ ನೋಡಿದ್ರ ಅದೂ ನಪಾಸ. ಇರ್ಲಿ ಬಿಡ್ರಿ.

ಬದಿ ಎಣಿಸಿ ಹೆಸರಿಡೂದು ಸಣ್ಣ ಕೆಲಸ. ತ್ರಿಭುಜ, ಚತುರ್ಭುಜ, ಪಂಚಭುಜ, ಷಡ್ಭುಜ, ಸಪ್ತಭುಜ, ಅಷ್ಟಭುಜ, ಸಂಸ್ಕೃತದ ಅಂಕಿ ಗೊತ್ತಿದ್ರ ಮುಗೀತು. ಆದ್ರ ಈ ಸಣ್ಣ ಕೆಲಸದಾಗೂ ಒಂದ ತೊಡಕ ಐತಿ. ನಾ ಬೋರ್ಡಿನ ಮ್ಯಾಲ ಒಂದ ಎಲ್ ಆಕಾರದ ಪ್ಲಾಟು ಬರದೆ, ನವನಗರದಾಗೋ ಎಲ್ಲೋ ಮೂಲಿ ಸೈಟು ಒಡದಾಗ ಉಳೀತೈತಲ್ಲ ಅಂಥಾದ್ದು, ಇದಕ್ಕೇನಂತೀರಿ ಅಂದೆ. ಸುಮ್ಮನ ಕುಂತ್ರು. ಎಣಸ್ರಿ ಅಂದೆ. ಆರು. ಹಂಗಾರ ಇದು ಷಡ್ಭುಜ. "ಏ ಷಡ್ಭುಜ ಅಂದ್ರ ಜೇನಹುಟ್ಟಿನ ಮನಿ ಹಂಗ ಇರ್ಬೇಕಲ್ರಿ" ಅಂತ ಒಬ್ಬವ್ವ ಅಂದ್ರು. ಇಲ್ರೀ ಅವ್ವಾರ, ಪುಸ್ತಕದಾಗ ಯಾವಾಗ್ಲೂ ಜೇನಹುಟ್ಟಿಂದ ಚಿತ್ರ ಹಾಕ್ತಾರ, ಅದಕ್ಕ ನಮ್ಮ ತಲ್ಯಾಗ ಅದೊಂದ ಕುಂತೈತಿ. ಎಲ್ ಪ್ಲಾಟಿಗೆ ಐದು ಮೂಲಿ 90 ಡಿಗ್ರಿದು, ಒಂದ ಮೂಲಿ ಮಾತ್ರ ಒಳಗ ಚುಚ್ಚಿಕೊಂಡೈತಿ, ಒಳಗಿಂದ ಅಳದ್ರ 270. ಹಿಂಗ ಒಂದರ ಮೂಲಿ 180 ದಾಟಿದ್ರ ಅದು ನಿಮ್ನ, ಯಾವ ಮೂಲಿನೂ ದಾಟದಿದ್ರ ಪೀನ. ಜೇನಿನ ಮನಿ ಪೀನ, ಎಲ್ ಪ್ಲಾಟು ನಿಮ್ನ, ಎರಡೂ ಷಡ್ಭುಜ. ಅಲ್ಲಿಗೆ ಬದಿ ಎಣಿಸಿ ಹೆಸರಿಟ್ರ ಅರ್ಧ ಗುರುತು ಮಾತ್ರ ಸಿಗ್ತೈತಿ ಅಂದಂಗಾತು.

ಈಗ ಅಸಲಿ ಮಾತಿಗೆ ಬರ್ತೀನಿ.

ಕಸಬರಗಿ ಕಡ್ಡಿ ನಾಲ್ಕು, ಒಂದ ಅಳತಿಗೆ ಮುರದು, ಸೈಕಲ್ಲಿನ ವಾಲ್ ಟ್ಯೂಬಿನ ಸಣ್ಣ ತುಂಡಿನ್ಯಾಗ ತುದಿ ಸಿಗಸಿ ಒಂದ ಚೌಕ ಮಾಡಿ ಒಯ್ದಿದ್ದೆ. ಎತ್ತಿ ಹಿಡದೆ, ಚೌಕ. ಮೂಲಿ ಹಿಡದು ಸ್ವಲ್ಪ ದೂಡಿದೆ, ವಾಲ್ತು. ಇನ್ನಷ್ಟ ದೂಡಿದೆ, ಇನ್ನೂ ವಾಲ್ತು, ಕಡೀಕ ಎರಡ ಕಡ್ಡಿ ಮ್ಯಾಲ ಎರಡ ಕಡ್ಡಿ ಕುಂತ ಬಿಟ್ವು. ಬದಿ ಏನರ ಬದಲಾತೇನು? ಇಲ್ಲ, ಅವ ನಾಲ್ಕ ಕಡ್ಡಿ, ಅದ ಅಳತಿ. ಬದಲಾಗಿದ್ದು ಮೂಲಿ. ಹಳೇ ಹೊರಸಿನ ಮ್ಯಾಲ ಕುಂತವ್ರಿಗೆ ಇದು ಹೇಳಿಕೊಡಬೇಕಾಗಿಲ್ಲ, ಕಾಲು ಸಡಿಲ ಆದ್ರ ಇಡೀ ಹೊರಸು ಒಂದ ಕಡೆ ವಾಲ್ಕೊಂಡ ನಿಲ್ತೈತಿ.

ಕಡ್ಡಿ ಆಟ ಅಂತ ನಗಬ್ಯಾಡ್ರಿ, ಇದನ್ನ ಹೊಲಕ್ಕ ಹಚ್ಚಿ ನೋಡ್ರಿ. 33 ಅಡಿ ಉದ್ದ 33 ಅಡಿ ಅಗಲದ ಚೌಕ ಅಂದ್ರ 1 ಗುಂಟೆ, 1089 ಚದರ ಅಡಿ, ಇಂಥಾವು 40 ಕೂಡಿದ್ರ 1 ಎಕರೆ. ಈಗ ಒಬ್ಬಾತ ಬಂದು "ನಾಲ್ಕೂ ಬದಿ 33 ಅಡಿ ಐತಿ, ಟೇಪ್ ಹಿಡದ ನೋಡ್ರಿ" ಅಂತ ಒಂದ ತುಂಡ ಜಾಗಾ ಮಾರಾಕ ನಿಂತ್ರ ನೀವು ಬದಿ ಅಳದು ಸಮಾಧಾನ ಆಗಿ ರೊಕ್ಕ ಕೊಟ್ಟು ಬರ್ತೀರಿ. ಆದ್ರ ಆ ಜಾಗಾದ ಒಂದ ಮೂಲಿ 30 ಡಿಗ್ರಿ ಇತ್ತಂದ್ರ ನಿಮಗ ಸಿಕ್ಕಿದ್ದು 544.5 ಚದರ ಅಡಿ, ಕರೆಕ್ಟ ಅರ್ಧ ಗುಂಟೆ. ಬೇಲಿ ಖರ್ಚು ಪೂರಾ ಗುಂಟೆದು, ಬೆಳಿ ಅರ್ಧ ಗುಂಟೆದು. ಇದನ್ನ ಹೇಳಿದ ಕೂಡ್ಲೆ ಪಾಲಕರೆಲ್ಲ ಫೋನು ಕೆಳಗಿಟ್ರು.

ಭಾಸ್ಕರಾಚಾರ್ಯರು 1150ರಾಗ ಲೀಲಾವತಿ ಬರದಾಗ ಇದ ಮಾತಿಗೆ ಸಿಟ್ಟಿಗೆದ್ದಾರ. ಕರ್ಣ ಹೇಳದ ಲಂಬ ಹೇಳದ ಬರೇ ನಾಲ್ಕ ಬದಿ ಕೊಟ್ಟು ಕ್ಷೇತ್ರಫಲ ಎಷ್ಟು ಅಂತ ಕೇಳೋನು ಪಿಶಾಚಿ, ಅದಕ್ಕ ಉತ್ತರ ಹೇಳಾಕ ಹೋಗೋನು ಅವನಿಗಿಂತ ದೊಡ್ಡ ಪಿಶಾಚಿ ಅಂತ, ಸುಮಾರಾಗಿ ಹಿಂಗ ಅರ್ಥ ಬರೂ ಶ್ಲೋಕ ಐತಿ ಅಲ್ಲಿ. ನಾಲ್ಕ ಬದಿದು ಸ್ಥಿರ ಇಲ್ಲ, ಅಷ್ಟೂ ಗೊತ್ತಿಲ್ಲೇನು ಅಂತ ಬೈಗುಳ. ಗಣಿತದ ಪುಸ್ತಕದಾಗ ಬೈಗುಳ ಓದೂದು ಅಂದ್ರ ನನಗ ಭಾಳ ಖುಷಿ, ಯಾಕಂದ್ರ ಅಲ್ಲಿ ಒಬ್ಬ ಮಾಸ್ತರು ಕಾಣ್ತಾನ, ಹುಡುಗ್ರು ಮತ್ತ ಮತ್ತ ಅದ ತಪ್ಪು ಮಾಡಿ ಮಾಡಿ ತಲಿ ಕೆಟ್ಟ ಮಾಸ್ತರು.

ಮೂರು ಕಡ್ಡಿಯೊಳಗ ಈ ತ್ರಾಸ ಇಲ್ಲ. ಮೂರು ಕಡ್ಡಿ ಜೋಡ್ಸಿದ್ರ ಅದು ಗಟ್ಟಿ ಕುಂತ ಬಿಡ್ತೈತಿ, ನೀವು ಮುರದು ಹಾಕ್ಬೇಕ ಹೊರತು ವಾಲ್ಸಾಕ ಆಗೂದಿಲ್ಲ. ಬದಿ ಮೂರು ಹೇಳಿದ್ರ ಮೂಲಿ ಮೂರೂ ತಾವ ತಯಾರಾಗ್ತಾವ. ಅದಕ್ಕ ತಗಡಿನ ಶೆಡ್ಡು, ರೈಲ್ವೆ ಬ್ರಿಡ್ಜು, ಮೊಬೈಲ್ ಟವರು ಎಲ್ಲಿ ನೋಡಿದ್ರೂ ತ್ರಿಭುಜ ತುಂಬಿರ್ತಾವ. "ಬಾಗಲ ಚೌಕಟ್ಟಿಗೂ ಹಂಗ ರೀ" ಅಂದ್ರು ಹಿಂದಿನ ಗೌಂಡಿ, "ಬಡಿಗ್ಯಾರು ಚೌಕಟ್ಟ ಕಳಸೂ ಮುಂದ ಅದಕ್ಕೊಂದ ಓರಿ ಪಟ್ಟಿ ಮಳಿ ಹೊಡದ ಕಳಸ್ತಾರ, ನಾವು ಗ್ವಾಡಿಗೆ ಕೂಡ್ಸಿ ಸಿಮೆಂಟ್ ಒಣಗಿದ ಮ್ಯಾಲ ಕಿತ್ತ ಒಗೀತೀವಿ". ಅಷ್ಟ. ಆ ಒಂದ ಪಟ್ಟಿ ಚತುರ್ಭುಜಾನ ಎರಡು ತ್ರಿಭುಜ ಮಾಡಿ ಇಟ್ಟಿರ್ತೈತಿ, ಅದಕ್ಕ ವಾಲೂದಿಲ್ಲ. ಭಾಸ್ಕರಾಚಾರ್ಯರು ಕೇಳಿದ ಕರ್ಣ ಅಂದ್ರ ಇದ ಪಟ್ಟಿ.

ತ್ರಿಭುಜದ ಜಾತಿ ಹೆಂಗ ಮಾಡ್ತಾರ ಅಂತ ಎಲ್ಲಾರಿಗೂ ಗೊತ್ತೈತಿ. ಬದಿ ನೋಡಿದ್ರ ಸಮಬಾಹು, ಸಮದ್ವಿಬಾಹು, ಅಸಮಬಾಹು. ಮೂಲಿ ನೋಡಿದ್ರ ಲಘುಕೋನ, ಲಂಬಕೋನ, ವಿಶಾಲಕೋನ. ನಮ್ಮ ಹುಡುಗ್ರಿಗೆ ಇದು ಆರು ಬ್ಯಾರೆ ಬ್ಯಾರೆ ತ್ರಿಭುಜ ಅಂತ ಬಾಯಿಪಾಠ ಆಗಿರ್ತೈತಿ, ಅಲ್ಲೇ ಎಡವಟ್ಟು. ಆರು ತ್ರಿಭುಜ ಅಲ್ಲ, ಎರಡು ಪ್ರಶ್ನೆ, ಒಂದೊಂದಕ್ಕ ಮೂರು ಉತ್ತರ. ಪ್ರತಿ ತ್ರಿಭುಜಾನೂ ಎರಡೂ ಪ್ರಶ್ನೆಕ್ಕ ಉತ್ತರ ಕೊಡಬೇಕು, ನಿಮ್ಮ ಊರು ಯಾವುದು ನಿಮ್ಮ ಕೆಲಸ ಏನು ಅಂತ ಕೇಳಿದಂಗ. ಕಂಪಾಸ್ ಬಾಕ್ಸಿನ್ಯಾಗಿನ ಎರಡ ಮೂಲಿಮಟ್ಟ ತಗೀರಿ ಅಂದೆ. ಎರಡೂ ಲಂಬಕೋನದ್ದ. ಆದ್ರ ಒಂದು 45, 45, 90, ಅದು ಸಮದ್ವಿಬಾಹು. ಇನ್ನೊಂದು 30, 60, 90, ಅದು ಅಸಮಬಾಹು. ಮೂರನ್ನ ಮೂರರಿಂದ ಗುಣಿಸಿದ್ರ ಒಂಬತ್ತು ಥರ ಬರ್ಬೇಕಲ್ಲ, ಒಂಬತ್ತೂ ಬರದ ತೋರಸ್ರಿ ಅಂತ ಬಿ.ಎಡ್ ಹುಡುಗ್ರಿಗೆ ಹೇಳಿದೆ. ಐದು ನಿಮಿಷ ಗುದ್ದಾಡಿ ಏಳಕ್ಕ ನಿಂತ್ರು. ನಿಲ್ಲಾಕ ಬೇಕು, ಸಮಬಾಹುಕ್ಕ ಮೂರೂ ಮೂಲಿ 60 ಆಗಿ ಲಘುಕೋನದಾಗ ಬಿದ್ದ ಬಿಡ್ತೈತಿ, ಅದಕ್ಕ ಸಮಬಾಹು ಲಂಬಕೋನ, ಸಮಬಾಹು ವಿಶಾಲಕೋನ ಎರಡೂ ಜಗತ್ತಿನ್ಯಾಗ ಇಲ್ಲ.

ತ್ರಿಭುಜದಾಗ ಬದಿನ ಮೂಲಿನ ಆಳ್ತೈತಿ ಅಂದ್ನಲ್ಲ, ಕೋನಮಾಪಕ ಇಲ್ಲದನೂ ಮೂಲಿ ಜಾತಿ ಹೇಳಬಹುದು. ದೊಡ್ಡ ಬದಿ ವರ್ಗ ಒಂದ ಕಡೆ, ಉಳದೆರಡರ ವರ್ಗದ ಮೊತ್ತ ಇನ್ನೊಂದ ಕಡೆ ಇಟ್ಟು ತೂಗ್ರಿ. 3, 4, 5 ತಗೊಂಡ್ರ 9 ಮತ್ತ 16 ಕೂಡಿ 25, ಸಮ, ಲಂಬಕೋನ. 4, 5, 6 ತಗೊಂಡ್ರ ಸಣ್ಣವೆರಡು ಕೂಡಿ 41, ದೊಡ್ಡದು 36, ಅಂದ್ರ ದೊಡ್ಡ ಬದಿಗೆ ಜೋರಿಲ್ಲ, ಲಘುಕೋನ. 2, 3, 4 ತಗೊಂಡ್ರ 13 ಮತ್ತ 16, ದೊಡ್ಡ ಬದಿ ಮೂಲಿನ ಹಿಗ್ಗಿಸಿ ಇಟ್ಟೈತಿ, ವಿಶಾಲಕೋನ. 2, 3, 6 ತಗೊಂಡ್ರ ತ್ರಿಭುಜನ ಆಗೂದಿಲ್ಲ, ಸಣ್ಣವೆರಡು ಕೂಡಿದ್ರೂ ದೊಡ್ಡದನ್ನ ಮುಟ್ಟಂಗಿಲ್ಲ. ಗೌಂಡಿಗಳಿಬ್ರೂ 3, 4, 5 ಬಂದ ಕೂಡ್ಲೆ ತಲಿ ಹಾಕಿದ್ರು. ಪಾಯಾ ಹಾಕೂ ಮುಂದ ದಾರ ಕಟ್ಟಿ ಒಂದ ಕಡೆ 3 ಅಡಿಗೆ ಗುರುತು ಇನ್ನೊಂದ ಕಡೆ 4 ಅಡಿಗೆ ಗುರುತು, ನಡುವ ಟೇಪ್ ಹಿಡದ್ರ 5 ಅಡಿ ಬರ್ಬೇಕು, ಬರದಿದ್ರ ದಾರ ಸರಸ್ಬೇಕು. ದೊಡ್ಡ ಮನಿ ಆದ್ರ 6, 8, 10 ಹಿಡೀತೀವಿ, ತಪ್ಪು ಕಮ್ಮಿ ಬರ್ತೈತಿ ಅಂದ್ರು. ಆಮ್ಯಾಲ ಇನ್ನೊಂದ ಮಾತು ಹೇಳಿದ್ರು, ಅದು ನನ್ನ ಇಡೀ ಭಾಷಣಕ್ಕಿಂತ ಚೊಲೋ ಇತ್ತು: ಪಾಯಾದ ಎದರ ಬದರ ಬದಿ ಸರಿ ಮಾಡ್ಕೊಂಡ ಮ್ಯಾಲ ಮೂಲಿಯಿಂದ ಮೂಲಿಗೆ ಎರಡೂ ಕರ್ಣ ಅಳೀತಾರ, ಎರಡೂ ಒಂದ ಬಂದ್ರ ಆಯತ ಆತು, ಮುಂದಿನ ಕೆಲಸ, ಒಂದ ಉದ್ದ ಒಂದ ಗಿಡ್ಡ ಬಂದ್ರ ವಾಲೈತಿ. ಸಮಾಂತರ ಚತುರ್ಭುಜದ ಕರ್ಣ ಎರಡೂ ಸಮ ಇದ್ರ ಅದು ಆಯತ ಅಂತ ನಾವು ಪ್ರಮೇಯ ಮಾಡಿ 5 ಮಾರ್ಕ್ಸಿಗೆ ಕೇಳ್ತೀವಲ್ಲ, ಅದ ಇದು.

ಈಗ ಒಂದ ನನ್ನ ತಪ್ಪು ಹೇಳ್ಬೇಕು. ನಾ ನೌಕರಿಗೆ ಸೇರಿದ ಹೊಸದಾಗಿ ಗದಗ ಕಡೆ ಒಂದ ಹಳ್ಳಿ ಸಾಲ್ಯಾಗ ಇದ್ದೆ. ಪರೀಕ್ಷಾದಾಗ ಚಿತ್ರ ಕೊಟ್ಟು ಹೆಸರು ಬರೀರಿ ಅಂತ ಕೇಳಿದ್ದೆ, ಒಂದ ಹುಡುಗಿ ಚೌಕದ ಚಿತ್ರದ ಕೆಳಗ "ಆಯತ" ಅಂತ ಬರದಿದ್ಲು. ಕೆಂಪ ಪೆನ್ನಿಲೆ ತಪ್ಪು ಹಾಕಿ ಕೊಟ್ಟೆ. ಆಕಿ ಪೇಪರ್ ಹಿಡ್ಕೊಂಡ ಬಂದು ಕೇಳಿದ್ಲು, "ಸರ, ಆಯತಕ್ಕ ಏನ್ ಬೇಕಂದಿದ್ರಿ?" "ನಾಲ್ಕೂ ಮೂಲಿ ಲಂಬಕೋನ ಇರ್ಬೇಕು." "ಇದರಾಗ ಇಲ್ಲೇನ್ರಿ?" ನಾ ಏನ್ ಹೇಳ್ಲಿ. ಬದಿ ಎಲ್ಲಾ ಸಮ ಅದಾವಲ್ಲ, ಅದಕ್ಕ ಚೌಕ ಅಂತ ಬರೀಬೇಕಿತ್ತು ಅಂದೆ. "ಆಯತದಾಗ ಬದಿ ಸಮ ಇರಬಾರದು ಅಂತ ನೀವು ಹೇಳಿರಲಿಲ್ರಿ" ಅಂದ್ಲು. ಅರ್ಧ ಮಾರ್ಕ್ಸ ಕೊಟ್ಟು ಕಳಿಸಿದೆ, ಆ ಅರ್ಧ ಮಾರ್ಕ್ಸ ಇನ್ನೂ ನನ್ನ ಮ್ಯಾಲ ಬಾಕಿ ಐತಿ. ಆಕಿ ಹೇಳಿದ್ದ ಖರೇ. ಆಯತ ಅನ್ನೂದು ಮೂಲಿ ಪ್ರಶ್ನೆಗೆ ಉತ್ತರ, ನಾಲ್ಕೂ 90. ವಜ್ರಾಕೃತಿ ಅನ್ನೂದು ಬದಿ ಪ್ರಶ್ನೆಗೆ ಉತ್ತರ, ನಾಲ್ಕೂ ಸಮ. ಎರಡಕ್ಕೂ ಹೌದು ಅಂದ್ರ ಚೌಕ. ಚೌಕ ಆಯತಾನೂ ಹೌದು ವಜ್ರಾಕೃತಿನೂ ಹೌದು, ಒಬ್ಬಾಕಿ ಮಗಳೂ ಹೌದು ಸೊಸಿನೂ ಹೌದು ಅಂದಂಗ, ಒಂದ ಹೆಸರು ಇದ್ರ ಇನ್ನೊಂದ ಇರಬಾರದು ಅಂತ ಏನಿಲ್ಲ.

ಆದ್ರ ನನ್ನ ಥರದ ತಪ್ಪು ಮಾಡಿದವ್ರು ಸಣ್ಣವ್ರ ಏನಲ್ಲ. ಕ್ರಿಸ್ತಪೂರ್ವ 300ರ ಸುಮಾರಿನ ಯೂಕ್ಲಿಡ್ ತನ್ನ ವ್ಯಾಖ್ಯೆದಾಗ ಸಮದ್ವಿಬಾಹು ಅಂದ್ರ ಎರಡ ಬದಿ ಮಾತ್ರ ಸಮ ಇರ್ಬೇಕು ಅಂದ, ಮೂರೂ ಸಮ ಇದ್ರ ಅದು ಆ ಪೈಕಿ ಅಲ್ಲ. ಅವನ ಲೆಕ್ಕದಾಗ ಚೌಕ ಬ್ಯಾರೆ, ಉದ್ದನ ಆಯತ ಬ್ಯಾರೆ, ವಜ್ರಾಕೃತಿ ಬ್ಯಾರೆ, ಒಬ್ಬೊಬ್ಬರಿಗೂ ಒಂದೊಂದ ಕೋಣಿ, ನಡುವ ಬಾಗಲಿಲ್ಲ. ಇವತ್ತಿನ ಗಣಿತದಾಗ ಬಾಗಲ ತಗದಾರ, ಯಾಕಂದ್ರ ಹಂಗ ಮಾಡಿದ್ರ ಒಂದ ಸಲ ಆಯತಕ್ಕ ಸಾಧಿಸಿದ್ದು ಚೌಕಕ್ಕೂ ತಾನ ಬರ್ತೈತಿ, ಮತ್ತೊಂದ ಸಲ ಸಾಧಿಸೂ ಕೆಲಸ ತಪ್ತೈತಿ. ತ್ರಾಪಿಜ್ಯದ ಜಗಳ ಮಾತ್ರ ಇನ್ನೂ ಮುಗದಿಲ್ಲ, ಒಂದ ಜೋಡಿ ಸಮಾಂತರ ಇದ್ರ ಸಾಕು ಅಂತ ಕೆಲವು ಪುಸ್ತಕ, ಒಂದ ಜೋಡಿ ಮಾತ್ರ ಇರ್ಬೇಕು ಅಂತ ಕೆಲವು ಪುಸ್ತಕ. ಪರೀಕ್ಷಾಕ್ಕ ನಿಮ್ಮ ಪುಸ್ತಕ ಏನಂತೈತಿ ಅಷ್ಟ ನೋಡ್ಕೊಳ್ರಿ.

ನಮ್ಮ ಕಡೆಯವ್ರು ಏನ್ ಮಾಡಿದ್ರು? ನೃಪತುಂಗ ಅಮೋಘವರ್ಷನ ಕಾಲದಾಗ, ಒಂಬತ್ತನೇ ಶತಮಾನದಾಗ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರದ್ರು, ಸಂಸ್ಕೃತದಾಗ. ಅದರಾಗ ತ್ರಿಭುಜ ಮೂರು ಥರ, ಸಮ, ದ್ವಿಸಮ, ವಿಷಮ. ಚತುರ್ಭುಜ ಐದು ಥರ, ಸಮ, ದ್ವಿದ್ವಿಸಮ, ದ್ವಿಸಮ, ತ್ರಿಸಮ, ವಿಷಮ. ಎಲ್ಲಾ ಬದಿ ಮ್ಯಾಲ ಇಟ್ಟ ಹೆಸರು. ದ್ವಿದ್ವಿಸಮ ಅಂದ್ರ ಎರಡೆರಡು ಸಮ, ನಮ್ಮ ಆಯತದ ಥರ. ನನಗ ಇದರಾಗ ಭಾಳ ಸೇರೂದು ತ್ರಿಸಮ, ಮೂರು ಬದಿ ಸಮ ಒಂದು ಬ್ಯಾರೆ. ಈಗಿನ ನಮ್ಮ ಸಾಲಿ ಪುಸ್ತಕದಾಗ ಇದಕ್ಕ ಹೆಸರ ಇಲ್ಲ, ಯಾವ ಹುಡುಗ್ರಿಗೂ ನಾವು ತೋರ್ಸಿಲ್ಲ. ಎಲ್ಲಿ ಸಿಗ್ತೈತಿ ಅಂದ್ರ ಒಂದ ನಟ್ಟಿನ ಚಿತ್ರ ಬರೀರಿ, ಆರು ಬದಿ ಸಮ ಇರ್ತಾವಲ್ಲ, ಎದರಾ ಬದರಾ ಮೂಲಿ ಕೂಡ್ಸಿ ನಡುವ ಒಂದ ಗೆರಿ ಎಳದು ಎರಡ ತುಂಡ ಮಾಡ್ರಿ. ಅರ್ಧ ನಟ್ಟು ತ್ರಿಸಮ, ಮೂರು ಬದಿ ಒಂದ ಅಳತಿ, ನಾಲ್ಕನೇದು ಬರೋಬ್ಬರಿ ಎರಡ ಪಟ್ಟು.

ಅವ್ವಾರ ಕಡೆ ತಿರುಗಿ ಶಂಕರಪಾಳಿ ಮಾತು ತಗದೆ, ಅವ್ರಿಗೆ ಬ್ಯಾಸರ ಆಗಿತ್ತು. ಲಟ್ಟಿಸಿದ ಹಾಳಿ ಮ್ಯಾಲ ಒಂದ ಕಡೆ ಸಾಲು ಕೊಯ್ತೀರಿ, ಆಮ್ಯಾಲ ಓರಿ ಸಾಲು ಕೊಯ್ತೀರಿ. ಎರಡೂ ಸಾಲಿನ ಅಂತರ ಒಂದ ಇಟ್ರ ಬರೂದು ವಜ್ರಾಕೃತಿ, ಓರಿ ಎಷ್ಟ ಇದ್ರೂ ನಾಲ್ಕೂ ಬದಿ ಸಮ ಬರ್ತಾವ. ಅಂತರ ಹೆಚ್ಚು ಕಮ್ಮಿ ಆದ್ರ ಬರೇ ಸಮಾಂತರ ಚತುರ್ಭುಜ. ಅಂಚಿನ್ಯಾಗ ಉಳದ ಚೂರು ತ್ರಿಭುಜನೋ ತ್ರಾಪಿಜ್ಯನೋ ಆಗಿರ್ತಾವ, ಅವನ್ನ ಹುಡುಗ್ರ ಮೊದಲ ತಿಂತಾವ. ಇನ್ನ ಪತಂಗ. ಪುಸ್ತಕದಾಗಿನ ಗಾಳಿಪಟ ಮ್ಯಾಲ ಎರಡು ಗಿಡ್ಡ ಬದಿ ಕೆಳಗ ಎರಡು ಉದ್ದ ಬದಿ, ಆದ್ರ ನಮ್ಮ ಓಣಿ ಹುಡುಗ್ರು ಹಾರ್ಸೂದು ಬಹಳ ಮಾಡಿ ಚೌಕ ಹಾಳಿನ, ಮೂಲಿ ಮ್ಯಾಲ ಮಾಡಿ ಕಡ್ಡಿ ಹಚ್ಚಿರ್ತಾರ. ಪಕ್ಕಪಕ್ಕದ ಬದಿ ಎರಡೆರಡು ಸಮ ಇದ್ರ ಗಾಳಿಪಟ ಅಂತ ಹಿಡದ್ರ ಚೌಕಾನೂ ಅದರಾಗ ಬಂತು.

ಇಲ್ಲಿತನಕ ನಾಲ್ಕರದ್ದಾತು. ಬದಿ ಎಲ್ಲಾ ಸಮ, ಮೂಲಿನೂ ಎಲ್ಲಾ ಸಮ ಇದ್ರ ಅದಕ್ಕ ನಿಯಮಿತ ಬಹುಭುಜ ಅಂತೀವಿ. ಎರಡೂ ಬೇಕು. ಬದಿ ಮಾತ್ರ ಸಮ ಇದ್ದದ್ದು ಶಂಕರಪಾಳಿ, ನಿಯಮಿತ ಅಲ್ಲ. ಮೂಲಿ ಮಾತ್ರ ಸಮ ಇದ್ದದ್ದು ಬಾಗಲ, ಅದೂ ಅಲ್ಲ. ತ್ರಿಭುಜದಾಗ ಒಂದ ಹೇಳಿದ್ರ ಇನ್ನೊಂದ ಬರ್ತಿತ್ತು, ಈಗ ಆ ಸವಲತ್ತಿಲ್ಲ.

ಇದಕ್ಕ ಧಾರವಾಡದಾಗ ಕುಂತು ಕಸೂತಿ ಬಿಟ್ಟು ಬ್ಯಾರೆ ಉದಾಹರಣಿ ಹುಡುಕಿದ್ರ ಪಾಪ ಬರ್ತೈತಿ. ಕಸೂತಿ ಹಾಕೋರು ಬಟ್ಟಿ ಮ್ಯಾಲ ಪೆನ್ಸಿಲಿಲೆ ಚಿತ್ರ ಬರಕೊಳ್ಳೂದಿಲ್ಲ, ಎಳಿ ಎಣಸ್ತಾರ. ಗವಂತಿ, ಮುರ್ಗಿ, ನೇಗಿ, ಮೆಂತಿ ಯಾವ ಹೊಲಿಗಿ ಇದ್ರೂ ಲೆಕ್ಕ ಎಳಿದ. ಗವಂತಿದಾಗ ಸೂಜಿ ಅಡ್ಡ ಹೋಗ್ತೈತಿ, ಉದ್ದ ಹೋಗ್ತೈತಿ, ಓರಿ ಹೋಗ್ತೈತಿ, ಅಷ್ಟ. ಹೆಣಿಗಿ ಅಡ್ಡ ಉದ್ದ ಒಂದ ಸಮ ಇದ್ರ ಆ ಓರಿ ಅಂದ್ರ 45 ಡಿಗ್ರಿ. ಈಗ ಇದರಾಗ ಒಂದ ಎಂಟ ಬದಿ ಹೂವು ಹಾಕ್ರಿ. ಅಡ್ಡ, ಓರಿ, ಉದ್ದ, ಓರಿ, ಹಿಂಗ ಎಂಟು. ಎಲ್ಲಾ ಮೂಲಿ 135, ಒಂದೂ ತಪ್ಪಿಲ್ಲ. ಬದಿ? ಅಡ್ಡ 5 ಎಳಿ, ಓರಿನೂ 5 ಎಳಿ ದಾಟಿದ್ರ ಓರಿ ಬದಿ ಉದ್ದ ಬರ್ತೈತಿ, ಯಾಕಂದ್ರ ಅದು 5 ಎಳಿ ಚೌಕದ ಕರ್ಣ, 7.07 ಎಳಿ ಆಗ್ತೈತಿ. ಹಂಗಾರ ಅಡ್ಡ 7 ಎಳಿ, ಓರಿ 5 ಎಳಿ ಹಾಕಿದ್ರ? 7 ಮತ್ತ 7.07, ಕಣ್ಣಿಗೆ ಒಂದ ಕಾಣ್ತಾವ. ಇನ್ನೂ ಹತ್ರ ಬೇಕಂದ್ರ ಅಡ್ಡ 17, ಓರಿ 12, ಅದು 16.97. ಎಷ್ಟ ಎಣಿಸಿದ್ರೂ ಬರೋಬ್ಬರಿ ಆಗೂದಿಲ್ಲ, 2ರ ವರ್ಗಮೂಲ ಎಳಿ ಲೆಕ್ಕಕ್ಕ ಸಿಗೂ ಸಂಖ್ಯಾ ಅಲ್ಲ. ಹಂಗಾಗಿ ಎಳಿ ಎಣಿಸಿ ಹಾಕಿದ ಎಂಟ ಬದಿ ಹೂವು ಎಷ್ಟ ಚಂದ ಇದ್ರೂ ಮೂಲಿ ಪರೀಕ್ಷಾದಾಗ ಪಾಸು, ಬದಿ ಪರೀಕ್ಷಾದಾಗ ಕೂದಲೆಳಿಲೆ ನಪಾಸು. ಸಮಬಾಹು ತ್ರಿಭುಜ ಅಂತೂ ಎಳಿ ಕೂಡೂ ಜಾಗಾದಾಗ ಮೂರೂ ಮೂಲಿ ಇಟ್ಟು ಹಾಕಾಕ ಬರೂದ ಇಲ್ಲ. ಯಾಕ ಅನ್ನೂದು ಸಭಾದಾಗ ಹೇಳಲಿಲ್ಲ, ಇಲ್ಲಿ ಬರೀತೀನಿ: ಎಳಿ ಕೂಡಿದಲ್ಲಿ ಮೂಲಿ ಇದ್ದ ತ್ರಿಭುಜದ ಕ್ಷೇತ್ರಫಲ ಯಾವಾಗ್ಲೂ ಇಡೀ ಅಥವಾ ಅರ್ಧ ಚೌಕದ ಲೆಕ್ಕದಾಗ ಬರ್ತೈತಿ, ಆದ್ರ ಸಮಬಾಹುದ ಕ್ಷೇತ್ರಫಲ ಅಂದ್ರ ಬದಿ ವರ್ಗದ ಕಾಲುಭಾಗಕ್ಕ 3ರ ವರ್ಗಮೂಲ ಗುಣಿಸಬೇಕು, ಬದಿ ವರ್ಗ ಅಲ್ಲಿ ಪೂರ್ಣಾಂಕ, ಹಂಗಾಗಿ ಆ ವರ್ಗಮೂಲ ಎಲ್ಲೂ ಕರಗೂದಿಲ್ಲ. ಎರಡೂ ಒಂದ ಆಗಾಕ ಶಕ್ಯ ಇಲ್ಲ.

ಮೂಲಿ ಮೊತ್ತದ್ದು ಬೇಗ ಹೇಳಿ ಮುಗಸ್ತೀನಿ. ಪೀನ ಬಹುಭುಜದ ಒಂದ ಮೂಲಿಯಿಂದ ಉಳದ ಮೂಲಿಗೆಲ್ಲ ಗೆರಿ ಎಳದ್ರ ಬದಿಗಿಂತ ಎರಡು ಕಮ್ಮಿ ತ್ರಿಭುಜ ಬರ್ತಾವ, ಒಂದೊಂದಕ್ಕ 180. ನಾಲ್ಕ ಬದಿಗೆ 360, ಆರಕ್ಕ 720. ಎಲ್ ಪ್ಲಾಟು ನಿಮ್ನ ಇದ್ರೂ ಅದಕ್ಕೂ ಇದ ಲೆಕ್ಕ, 90ರದು ಐದು ಅಂದ್ರ 450, ಮತ್ತ 270, ಕೂಡಿದ್ರ 720. ನನಗ ಇದಕ್ಕಿಂತ ಹೊರಗಿನ ಲೆಕ್ಕ ಸೇರ್ತೈತಿ. ಹೊಲದ ಒಡ್ಡಿನ ಮ್ಯಾಲ ಒಂದ ಸುತ್ತ ಹಾಕ್ರಿ, ಪ್ರತಿ ಮೂಲ್ಯಾಗ ಎಷ್ಟ ತಿರುಗಿದ್ರಿ ಅಷ್ಟ ಕೂಡ್ಸ್ಕೋತ ಹೋಗ್ರಿ, ಹೊಲ ಯಾವ ಆಕಾರದ್ದ ಇರ್ಲಿ, ಹೊಳ್ಳಿ ಮೊದಲಿನ ಜಾಗಾಕ್ಕ ಬಂದು ಮೊದಲಿನ ದಿಕ್ಕಿಗೆ ಮಾರಿ ಮಾಡಿದ್ರ ಒಟ್ಟ 360 ತಿರುಗಿರ್ತೀರಿ. ನಡುವ ಉಲ್ಟಾ ಕಡೆ ತಿರುಗಿದ್ದಿದ್ರ ಅದನ್ನ ಕಳೀಬೇಕು ಅಷ್ಟ. ನಿಯಮಿತ ಇದ್ರ ಈ 360ನ್ನ ಬದಿಗೆ ಹಂಚಿದ್ರಾತು. ನಟ್ಟಿಗೆ 60 ಬರ್ತೈತಿ, ಅದಕ್ಕ ಇಕ್ಕಟ್ಟಿನ ಜಾಗಾದಾಗ ಪಾನಾ 60 ಡಿಗ್ರಿ ತಿರುಗಿಸಿ ತಗದು ಮತ್ತ ಹಚ್ಚಬಹುದು, ನಾಲ್ಕ ಬದಿ ನಟ್ಟಾದ್ರ 90 ತಿರುಗಿಸಾಕ ಜಾಗಾ ಬೇಕು. 20 ರೂಪಾಯಿ ನಾಣ್ಯದ ಒಳಮೂಲಿ 150, ಹಳೇ 2 ರೂಪಾಯಿದು 147ಕ್ಕ ಸ್ವಲ್ಪ ಮ್ಯಾಲ. ಮೂರು ಡಿಗ್ರಿ ಫರಕು, ಅದಕ್ಕ ಯಾರಿಗೂ 11 ಅಂತ ಗೊತ್ತಾಗ್ಲಿಲ್ಲ.

ಕಡೀಕ ಡಂಬಳ. ಗದಗಿನಿಂದ ಸುಮಾರು 20 ಕಿಲೋಮೀಟರ್, ಮುಂಡರಗಿ ತಾಲೂಕು, ದೊಡ್ಡಬಸಪ್ಪನ ಗುಡಿ, 12ನೇ ಶತಮಾನದ ಕಲ್ಯಾಣ ಚಾಲುಕ್ಯರ ಕಾಲದ್ದು. ಲಕ್ಕುಂಡಿಗೆ ಎಲ್ಲಾರೂ ಹೋಗ್ತಾರ, ಡಂಬಳಕ್ಕ ಹೋಗೋರು ಕಮ್ಮಿ. ಅಲ್ಲಿ ಗರ್ಭಗುಡಿಯ ಹೊರಗೋಡಿ 24 ಮೂಲಿದ ನಕ್ಷತ್ರ. ಇದನ್ನ ಹೆಂಗ ಹುಟ್ಟಿಸ್ತಾರ ಅಂದ್ರ ಒಂದ ಚೌಕ ತಗೊಂಡು ನಡುವ ಒಂದ ಗೂಟ ಬಡದು 15 ಡಿಗ್ರಿ ತಿರುಗಿಸ್ಬೇಕು, ಮತ್ತ 15, ಮತ್ತ 15, ಒಟ್ಟ ಆರು ಚೌಕ, ಆರು ನಾಲ್ಕಲೆ 24 ಮೂಲಿ. ಸುತ್ತ ಅಂಚು ಮಾತ್ರ ಹಿಡದ್ರ ನಕ್ಷತ್ರ ತಯಾರು. ಈಗ ಹೇಳ್ರಿ, ಇದು ಎಷ್ಟ ಬದಿದು? 24 ಅಂತ ಎಲ್ಲಾರೂ ಕೂಗಿದ್ರು. ಹೊರಗ ಚುಚ್ಚಿದ ಮೂಲಿ 24, ಖರೇ, ಆದ್ರ ಎರಡ ಮೂಲಿ ನಡುವ ಒಳಗ ಸರದದ್ದು ಒಂದೊಂದ ಐತಲ್ಲ, ಅದೂ ಮೂಲಿನ. ಅಲ್ಲಿಗೆ 48 ಮೂಲಿ, 48 ಬದಿ. ಹೊರಮೂಲಿ ಎಲ್ಲಾ 90, ಚೌಕದ್ದ ಅಲ್ಲೇನು. ಒಳಗ ಸರದ ಮೂಲಿ ಎಷ್ಟು? ಒಡ್ಡಿನ ಸುತ್ತು ಹಾಕ್ರಿ. ಪ್ರತಿ ಹೊರಮೂಲಿಗೆ 90 ಈ ಕಡೆ ತಿರುಗ್ತೀರಿ, ಪ್ರತಿ ಒಳಮೂಲಿಗೆ ಒಂದಿಷ್ಟ ಆ ಕಡೆ ತಿರುಗ್ತೀರಿ, ಇಂಥಾ ಜೋಡಿ 24 ಕೂಡಿ 360 ಆಗಬೇಕು, ಅಂದ್ರ ಜೋಡಿಗೆ 15. ಹಂಗಾರ ಉಲ್ಟಾ ತಿರುಗಿದ್ದು 75. ಗುಡಿ ಒಳಗಿಂದ ಅಳದ್ರ ಆ ಮೂಲಿ 180 ಮತ್ತ 75, 255. ಬದಿ 48ಕ್ಕ 48 ಸಮ, ಮೂಲಿ ಮಾತ್ರ ಎರಡ ಥರ, ಒಂದು ಬಿಟ್ಟು ಒಂದು. ಶಂಕರಪಾಳಿನ ಜಾತಿ ನೋಡ್ರಿ ಇದು, ಬದಿ ಪಾಸು ಮೂಲಿ ನಪಾಸು, ಆದ್ರ ಎಂಥಾ ನಪಾಸು!

"ಹೋಗಿ ಎಣಿಸಿದ್ರ 48 ಸಿಗ್ತಾವೇನ್ರಿ" ಅಂತ ಗೌಂಡಿ ಕೇಳಿದ್ರು. ಸಿಗೂದಿಲ್ರಿ, ಮುಂದಿನ ಕಡೆ ಮಂಟಪ ಬಂದು ಕೂಡ್ತೈತಿ, ಅಲ್ಲಿ ನಕ್ಷತ್ರ ಮುಚ್ಚಿ ಹೋಗಿರ್ತೈತಿ, ಉಳದದ್ದನ್ನ ನೋಡಿ ಪೂರಾ ಮಾಡ್ಕೋಬೇಕು ಅಂದೆ. ಹಂಗಾರ ಇಲ್ಲೇ ಮಾಡೋಣು ಅಂತ ಹುಡುಗ್ರು ಕೆಂಪ ಕಾಗದ ತಂದು ಆರು ಚೌಕ ಕತ್ತರಿಸಿ ನಡುವ ಟಾಚಣಿ ಚುಚ್ಚಿ ಕೋನಮಾಪಕ ಇಟ್ಟು ತಿರುಗಿಸಿದ್ರು. 10 ಪೈಸೆಗೆ ಬದಿನ ಇಲ್ಲ ಅಂದಿದ್ದ ಹುಡುಗಿ ಕೈಯಾಗ ಹಿಡದು ಅಂಚು ಎಣಿಸಿದ್ಲು, 47 ಬಂತು. ಮತ್ತ ಎಣಿಸಿದ್ಲು, 47. ನನ್ನ ಮಾರಿ ನೋಡಿದ್ಲು, ನಾ ಸುಮ್ಮನಿದ್ದೆ. ಮೂರನೇ ಸಲಕ್ಕ ಹೆಬ್ಬಟ್ಟು ಎತ್ತಿದ್ಲು, ಕೆಳಗ ಒಂದ ಬದಿ ಕುಂತಿತ್ತು.